ಸ್ಲೈಡ್-ಔಟ್ ಮೇಲೆ ಟಾಪರ್ ಬೇಕಾ? ಒಂದಕ್ಕೆ ಹಾಕಿ, ಇನ್ನೊಂದಕ್ಕೆ ಹಾಕದೆ ಐದು ವರ್ಷ ಓಡಿಸಿದ ಮೇಲೆ

ಡಲ್ಲಾಸ್‌ನಲ್ಲಿರೋ ಗೆಳೆಯ ಹೋದ ತಿಂಗಳು ಹೊಸ ಟ್ರಾವೆಲ್ ಟ್ರೇಲರ್, ಅಂದ್ರೆ ಗಾಡಿ ಹಿಂದೆ ಎಳ್ಕೊಂಡು ಹೋಗೋ ಮನೆ, ಬುಕ್ ಮಾಡಿದ. ಸೈನ್ ಹಾಕೋ ಹೊತ್ತಿಗೆ ಡೀಲರ್ ಕಡೆಯವರು ಹೊರಕ್ಕೆ ಚಾಚೋ ಎರಡೂ ಸ್ಲೈಡ್‌ಗೆ ಟಾಪರ್, ಅಂದ್ರೆ ಮೇಲೆ ಹೊದಿಸೋ ಬಟ್ಟೆ, ಹಾಕಿಸ್ಕೊಳ್ಳಿ ಅಂತ ಹಿಡ್ಕೊಂಡು ಕೂತ್ರಂತೆ, ಅವತ್ತು ರಾತ್ರಿನೇ ಫೋನ್ ಮಾಡಿ "ಇದು ನಿಜವಾಗ್ಲೂ ಬೇಕೇನೋ, ಇಲ್ಲ ಸುಮ್ನೆ ತಲೆಗೆ ಕಟ್ತಿದಾರಾ" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನೂ ಸ್ವಲ್ಪ ಬಿಡಿಸಿ ಬರೀತಿದೀನಿ. ನಮ್ಮ ಟ್ರೇಲರ್‌ನಲ್ಲಿ ದೊಡ್ಡ ಸ್ಲೈಡ್‌ಗೆ ಟಾಪರ್ ಇದೆ, ಬೆಡ್‌ರೂಮಿನ ಚಿಕ್ಕ ಸ್ಲೈಡ್‌ಗೆ ಇಲ್ಲ, ಎರಡೂ ಅದೇ ಮಳೆ ಅದೇ ಬಿಸಿಲಲ್ಲಿ ಐದು ವರ್ಷ ಕಳೆದಿವೆ, ಹಾಗಾಗಿ ಹಾಕಿದ್ರೆ ಏನಾಗುತ್ತೆ ಬಿಟ್ರೆ ಏನಾಗುತ್ತೆ ಎರಡೂ ಕಣ್ಣಾರೆ ನೋಡಿದೀನಿ.

ಊರಲ್ಲಿ ಕೂತು ಓದೋರಿಗೆ ಮೊದಲು ಇದೇನು ಅಂತ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಈ ಟ್ರಾವೆಲ್ ಟ್ರೇಲರ್ ರೋಡಲ್ಲಿ ಹೋಗೋವಾಗ ಎಂಟು-ಎಂಟೂವರೆ ಅಡಿ ಅಷ್ಟೇ ಅಗಲ ಇರುತ್ತೆ. ಕ್ಯಾಂಪಲ್ಲಿ ನಿಲ್ಲಿಸಿದ ಮೇಲೆ ಸ್ವಿಚ್ ಒತ್ತಿದ್ರೆ ಗೋಡೆಯ ಒಂದು ಭಾಗ ಸೋಫಾ, ಊಟದ ಟೇಬಲ್ ಎಲ್ಲದರ ಸಮೇತ ಬೀರುವಿನ ಡ್ರಾಯರ್ ಥರ ಹೊರಗೆ ಬರುತ್ತೆ, ಅದೇ ಸ್ಲೈಡ್-ಔಟ್. ಈ ಡ್ರಾಯರ್‌ಗೂ ಒಂದು ಚಪ್ಪಟೆ ಮಾಡು, ಅಂದ್ರೆ ಚಾವಣಿ, ಇರುತ್ತೆ, ಹೊರಗಿದ್ದಷ್ಟು ದಿನ ಅದರ ಮೇಲೆ ಎಲೆ, ಕಡ್ಡಿ, ನೀರು ಬೀಳುತ್ತೆ, ಒಳಗೆ ಎಳೆದಾಗ ಅದೆಲ್ಲ ಮನೆಯೊಳಗೇ ಬರುತ್ತೆ. ತಡೆಯೋಕೆ ಸುತ್ತ ರಬ್ಬರ್ ಸೀಲ್ ಇರುತ್ತೆ. ಟಾಪರ್ ಅಂದ್ರೆ ಆ ಮಾಡಿನ ಮೇಲೆ ಹರಡ್ಕೊಳ್ಳೋ ವಿನೈಲ್ ಬಟ್ಟೆ, ಒಂದು ಅಂಚು ಟ್ರೇಲರ್ ಗೋಡೆಯ ರೈಲಲ್ಲಿ ಸಿಕ್ಕಿಸಿರ್ತಾರೆ, ಇನ್ನೊಂದು ಅಂಚು ಸ್ಲೈಡಿನ ಹೊರತುದಿಯಲ್ಲಿರೋ ಸ್ಪ್ರಿಂಗ್ ರೋಲರ್‌ಗೆ ಸುತ್ತಿರುತ್ತೆ. ಸ್ಲೈಡ್ ಹೊರಗೆ ಬಂದ್ರೆ ತಾನೇ ಬಿಚ್ಕೊಳ್ಳುತ್ತೆ, ಒಳಗೆ ಹೋದ್ರೆ ತಾನೇ ಸುತ್ಕೊಳ್ಳುತ್ತೆ.

ನಾವಿರೋದು ಸಿಯಾಟಲ್ ಹತ್ತಿರ. 2019ರಲ್ಲಿ ಟ್ರೇಲರ್ ತಗೊಂಡಾಗ ಟಾಪರ್ ಇರಲಿಲ್ಲ, ಬೇಕು ಅಂತ ಅನ್ನಿಸಿಯೂ ಇರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಒಲಿಂಪಿಕ್ ನ್ಯಾಷನಲ್ ಪಾರ್ಕಿನ ಕ್ಲೇಲಾಕ್‌ಗೆ ಹೋಗಿದ್ವಿ, ಸಮುದ್ರದ ಮೇಲಿನ ದಿಬ್ಬದಲ್ಲಿರೋ ಕ್ಯಾಂಪ್‌ಗ್ರೌಂಡ್, ಸುತ್ತ ಸಿಟ್ಕಾ ಸ್ಪ್ರೂಸ್ ಮರಗಳು. ಅಲ್ಲಿಂದ ಸ್ವಲ್ಪ ಒಳಗೆ ಹೋದ್ರೆ ಹೋ ಮಳೆಕಾಡು, ವರ್ಷಕ್ಕೆ 12ರಿಂದ 14 ಅಡಿ ಮಳೆ ಬೀಳೋ ಜಾಗ. ನಾನು ಶಿವಮೊಗ್ಗ ಜಿಲ್ಲೆ ಸಾಗರದ ಕಡೆಯವನು, ಆ ಮಳೆ ಆ ಪಾಚಿ ವಾಸನೆಗೆ ಊರಿಗೇ ಬಂದ ಹಾಗೆ ಆಗಿತ್ತು. ನಾಲ್ಕು ದಿನ ಇದ್ವಿ. ಹೊರಡೋ ದಿನ ಬೆಳಿಗ್ಗೆ ಆರೂವರೆಗೆ ಜಡಿಮಳೆ, ಮಕ್ಕಳು ಕಾರಲ್ಲಿ ಕೂತಾಗಿದೆ, ಏಣಿ ಹತ್ತಿ ಮಾಡು ಗುಡಿಸೋ ಮನಸ್ಸಾಗದೆ ಸ್ವಿಚ್ ಒತ್ತಿಬಿಟ್ಟೆ. ಅರ್ಧ ಬಂದಾಗ ಕರ್ರ್ ಅಂತ ಸದ್ದು. ಬೆರಳುದ್ದದ ಸ್ಪ್ರೂಸ್ ಕಾಯಿ ಒಂದು ಮಾಡಿಗೂ ಸೀಲಿಗೂ ನಡುವೆ ಸಿಕ್ಕಿ ರಬ್ಬರನ್ನ ಎರಡಿಂಚು ಹರಿದಿತ್ತು, ಅದರ ಹಿಂದೆ ನಾಲ್ಕು ದಿನದ ಸೂಜಿಎಲೆ ಒದ್ದೆ ಮುದ್ದೆಯಾಗಿ ಸೋಫಾ ಹಿಂದೆ ಬಿತ್ತು. ಹರಿದ ಸೀಲನ್ನ ಗಮನಿಸಿದ್ದು ಮನೆಗೆ ಬಂದು ಎರಡು ವಾರ ಆದಮೇಲೆ, ಅಷ್ಟರಲ್ಲಿ ಸ್ಲೈಡಿನ ಮೂಲೆಯ ಪ್ಲೈವುಡ್ ನೀರು ಕುಡಿದು ಮೆತ್ತಗಾಗಿತ್ತು, ಹೆಬ್ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತಿತ್ತು. ಆ ರಿಪೇರಿಗೆ ಕೊಟ್ಟ ದುಡ್ಡಲ್ಲಿ ಎರಡು ಟಾಪರ್ ಬರ್ತಿತ್ತು.

2020ರ ಬೇಸಿಗೆಯಲ್ಲಿ ದೊಡ್ಡ ಸ್ಲೈಡ್‌ಗೆ ಟಾಪರ್ ಹಾಕಿದ್ವಿ. ಇಲ್ಲಿ ಕೇರ್‌ಫ್ರೀ, ಡೊಮೆಟಿಕ್, ಲಿಪರ್ಟ್ ಇವರ ಕಿಟ್‌ಗಳು ಸಿಗುತ್ತೆ, ಬಟ್ಟೆ, ರೋಲರ್, ಸ್ಪ್ರಿಂಗ್, ಕೆಲಸ ಮಾಡೋ ರೀತಿ ಎಲ್ಲದರದ್ದೂ ಹೆಚ್ಚುಕಡಿಮೆ ಒಂದೇ, ಅದಕ್ಕೇ ಯಾವ ಕಂಪನಿ ಅನ್ನೋದಕ್ಕಿಂತ ಅಳತೆ ಸರಿ ತಗೊಳ್ಳೋದು ಮುಖ್ಯ. ಅಂಗಡಿಯವರು ಕೂಲಿ ಜಾಸ್ತಿ ಹೇಳಿದ್ರು ಅಂತ ನಾನೂ ನನ್ನ ಹೆಂಡತಿನೂ ಸೇರಿ ಹಾಕಿದ್ವಿ. ಎರಡು ಏಣಿ ಬೇಕು, ಇಬ್ಬರು ಬೇಕೇ ಬೇಕು. ರೈಲಿಗೆ ಸಿಲಿಕೋನ್ ಸ್ಪ್ರೇ ಹೊಡೆದು ಬಟ್ಟೆಯ ಅಂಚನ್ನ ನಿಧಾನಕ್ಕೆ ಒಳಗೆ ಜಾರಿಸೋದು, ಸ್ಕ್ರೂ ಹಾಕಿದ ಕಡೆ ಎಲ್ಲ ಬ್ಯೂಟೈಲ್ ಟೇಪ್ ಕೊಟ್ಟು ಸೀಲ್ ಮಾಡೋದು, ಇಷ್ಟು ತಾಳ್ಮೆ ಇದ್ರೆ ಆಗುತ್ತೆ. ಹುಷಾರಾಗಿರಬೇಕಾದ್ದು ಸ್ಪ್ರಿಂಗ್ ವಿಷಯದಲ್ಲಿ. ಉದ್ದಕ್ಕೆ ತಕ್ಕ ಹಾಗೆ ಇಷ್ಟು ಸುತ್ತು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಅಷ್ಟು ತಿರುಗಿಸಿ ಪಿನ್ ಹಾಕಿ ಲಾಕ್ ಮಾಡ್ಬೇಕು, ಪಿನ್ ಸರಿಯಾಗಿ ಕೂರೋ ಮುಂಚೆ ಕೈ ಬಿಟ್ರೆ ಅಷ್ಟೂ ಸುತ್ತು ಒಂದೇ ಸಲಕ್ಕೆ ಬಿಚ್ಕೊಂಡು ಬೆರಳು ಮುರಿಯುತ್ತೆ. ನಮಗೆ ಒಂದ್ಸಲ ಪಿನ್ ಜಾರಿತು, ಪುಣ್ಯಕ್ಕೆ ಅವಳು ಪ್ಲೈಯರ್‌ನಲ್ಲಿ ಹಿಡಿದಿದ್ಲು, ಬರಿಗೈ ಆಗಿದ್ರೆ ಕಥೆ ಬೇರೆ ಇತ್ತು. ಆ ಧೈರ್ಯ ಇಲ್ಲದೋರು ಕೂಲಿ ಕೊಟ್ಟೇ ಹಾಕಿಸಿ.

ಈಗ ಉಪಯೋಗದ ವಿಷಯ. ಟಾಪರ್‌ನಿಂದ ನಮಗೆ ಸಿಕ್ಕಿದ ದೊಡ್ಡ ಲಾಭ ಹೊರಡೋ ದಿನದ ಬೆಳಗ್ಗೆ. ಮಳೆಯಲ್ಲಿ ಏಣಿ ಇಟ್ಟು ಹನ್ನೊಂದು ಅಡಿ ಮೇಲೆ ಜಾರೋ ಮಾಡನ್ನ ಗುಡಿಸೋ ಕೆಲಸ ತಪ್ಪಿತು, ಅದೊಂದಕ್ಕೇ ನಾನು ಈ ದುಡ್ಡು ಇನ್ನೊಂದ್ಸಲ ಕೊಡೋಕೆ ತಯಾರು. ಸೂಜಿಎಲೆ ಎಷ್ಟೇ ಬಿದ್ದಿರಲಿ, ಸುತ್ಕೊಳ್ಳೋವಾಗ ಮುಕ್ಕಾಲು ಪಾಲು ರೋಲರ್ ಮುಂದೆ ಗುಡ್ಡೆಯಾಗಿ ಹೊರಗೇ ಉದುರುತ್ತೆ. ಐದು ವರ್ಷದಲ್ಲಿ ದೊಡ್ಡ ಸ್ಲೈಡಿನ ಮೇಲ್ಗಡೆ ಸೀಲ್ ಇನ್ನೂ ಮೆತ್ತಗೇ ಇದೆ, ಬಿಸಿಲು ನೇರ ಬೀಳದೆ ಇರೋದೂ ಅದಕ್ಕೆ ಕಾರಣ. ಸೋಫಾ ತಲೆ ಮೇಲೆ ಮಳೆ ತಗಡಿನ ಮೇಲೆ ಬಿದ್ದ ಹಾಗೆ ಹೊಡೀತಿತ್ತು, ಅದೂ ಕಮ್ಮಿ ಆಯ್ತು.

ಆದ್ರೆ ಟಾಪರ್ ಇದೆ ಅಂದ್ಕೊಂಡು ಬಟ್ಟೆಯ ಕೆಳಗೆ ನೋಡದೇ ಇದ್ರೆ ಮೋಸ ಹೋಗ್ತೀರಿ. ಬಟ್ಟೆಗೂ ಮಾಡಿಗೂ ನಡುವೆ ಎರಡು ಕಡೆ ಸಂದು ಇರುತ್ತೆ, ಗಾಳಿಗೆ ಎಲೆ ಅಲ್ಲಿಂದ ಒಳಗೆ ಹೋಗುತ್ತೆ, ಒಳಗೆ ಹೋದದ್ದು ಒಣಗೋದಿಲ್ಲ, ನಮ್ಮ ಕಡೆ ಹವಾಗೆ ಎರಡನೇ ವರ್ಷಕ್ಕೆ ಹಸಿರು ಪಾಚಿ ಕಟ್ಟಿತ್ತು. ಒಂದು ಆಗಸ್ಟ್‌ನಲ್ಲಿ ಟಾರ್ಚ್ ಬಿಟ್ಟು ನೋಡಿದ್ರೆ ರೋಲರ್ ಪಕ್ಕ ಕಣಜದ ಗೂಡು. ಈಗ ವರ್ಷಕ್ಕೆ ಎರಡು ಸಲ ಪೈಪಲ್ಲಿ ನೀರು ಬಿಟ್ಟು ಉದ್ದ ಕೋಲಿನ ಬ್ರಷ್‌ನಲ್ಲಿ ಅಡಿ ತೊಳೀತೀನಿ.

ಗಾಳಿ ಇನ್ನೊಂದು ತಲೆನೋವು. ನಮ್ಮ ರಾಜ್ಯದ ನಡುವೆ ಐ-90 ಹೈವೇಯಲ್ಲಿ ಎಲೆನ್ಸ್‌ಬರ್ಗ್‌ನಿಂದ ವ್ಯಾಂಟೇಜ್ ತನಕ ಗಾಳಿಗೆ ಹೆಸರಾದ ಜಾಗ, ಅಲ್ಲಿ ಕೊಲಂಬಿಯಾ ನದಿ ಪಕ್ಕ ಒಂದು ರಾತ್ರಿ ತಂಗಿದ್ವಿ. ಹನ್ನೊಂದು ಗಂಟೆಗೆ ಬಟ್ಟೆ ಪಟಪಟ ಬಡಿಯೋಕೆ ಶುರು ಮಾಡ್ತು, ಮೇಲಕ್ಕೆ ಉಬ್ಬೋದು, ದಪ್ ಅಂತ ಮಾಡಿಗೆ ಬೀಳೋದು, ಮಕ್ಕಳು ಎದ್ದು ಕೂತ್ರು, ಒಂದು ಗಂಟೆಗೆ ಸ್ಲೈಡ್ ಒಳಗೆ ಎಳೆದು ಬಾಕಿ ರಾತ್ರಿ ನಾಲ್ಕು ಜನ ಬೆಡ್‌ರೂಮಲ್ಲೇ ಕಳೆದ್ವಿ. ಅದಾದಮೇಲೆ ಗಾಳಿ ಇರೋ ಊರು ಅಂದ್ರೆ ರಾತ್ರಿ ಮಲಗೋ ಮುಂಚೇನೇ ಎಳೆದುಬಿಡ್ತೀವಿ. ರೋಡಲ್ಲಿ ಹೋಗೋವಾಗಲೂ ಅಡ್ಡಗಾಳಿಗೆ ಸುತ್ತಿದ ಬಟ್ಟೆ ಸ್ವಲ್ಪ ಬಿಚ್ಚಿ ಬಲೂನಿನ ಹಾಗೆ ಉಬ್ಬೋದನ್ನ ಒಂದ್ಸಲ ಕನ್ನಡಿಯಲ್ಲಿ ನೋಡಿದೀನಿ, ಸ್ಪ್ರಿಂಗಿಗೆ ಇನ್ನೂ ಒಂದು ಸುತ್ತು ಕೊಟ್ಟಮೇಲೆ ನಿಂತಿತು. ಚಲಿಸೋವಾಗ ಬಿಚ್ಕೊಳ್ಳದ ಹಾಗೆ ಲಾಕ್ ಇರೋ ಮಾಡೆಲ್‌ಗಳು ಬರುತ್ತೆ, ಹೊಸದಾಗಿ ತಗೊಳ್ಳೋರು ಅದನ್ನೇ ಕೇಳಿ.

ನೀರು ನಿಲ್ಲೋದರ ಬಗ್ಗೆ ಸ್ವಲ್ಪ ಉದ್ದ ಬರೀಬೇಕು, ಯಾಕಂದ್ರೆ ಎಲ್ಲರೂ ಬೈಯೋದು ಇದಕ್ಕೇ. ಬಟ್ಟೆ ನಡುವೆ ಜಗ್ಗುತ್ತೆ, ಸಣ್ಣ ಮಳೆ ರಾತ್ರಿಯೆಲ್ಲ ಬಂದ್ರೆ ಬೆಳಗ್ಗೆ ಹೊಟ್ಟೆ ಬಿಟ್ಟ ಹಾಗೆ ನೀರು ತುಂಬ್ಕೊಂಡಿರುತ್ತೆ. ಹಾಗೇ ಎಳೆದ್ರೆ ಅಷ್ಟೂ ನೀರು ಒಂದು ಮೂಲೆಯಿಂದ ಧೋ ಅಂತ ಸುರಿಯುತ್ತೆ, ಬಟ್ಟೆಯೂ ಎಳೆದೂ ಎಳೆದೂ ಸಡಿಲ ಆಗುತ್ತೆ. ನಾನು ಮೊದಲು ಸ್ಲೈಡನ್ನ ಒಂದಡಿ ಎಳೆದು ನಿಲ್ಲಿಸಿ, ನೀರು ಇಳಿದಮೇಲೆ ಮತ್ತೆ ಒಂದಡಿ, ಹೀಗೆ ಮಾಡ್ತಿದ್ದೆ. 2023ರ ಬೇಸಿಗೆಗೆ ಅಪ್ಪ ಅಮ್ಮ ಬಂದಿದ್ರು. ಅಪ್ಪ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೊರಗೆ ನಿಂತು ಆ ಜೋತುಬಿದ್ದ ಬಟ್ಟೆ ನೋಡ್ತಾ "ನಡುವೆ ಒಂದು ದಬ್ಬೆ ಕೊಟ್ರೆ ಆಗ್ತಿತ್ತಲ್ಲ ಮಾರಾಯ, ನೀರು ಯಾಕೆ ನಿಲ್ಲುತ್ತೆ" ಅಂದ್ರು. ಅಡಿಕೆ ಅಂಗಳದ ಚಪ್ಪರಕ್ಕೆ ಟಾರ್ಪಾಲು ಹೊದಿಸೋವಾಗ ಅವರು ಜೀವನ ಪೂರ್ತಿ ಮಾಡಿದ್ದು ಅದನ್ನೇ, ನಡುವೆ ಎತ್ತರ ಕೊಟ್ಟು ಎರಡು ಕಡೆ ಇಳಿಜಾರು ಮಾಡೋದು. ಅವತ್ತೇ ಅಂಗಡಿಗೆ ಹೋಗಿ ಅರ್ಧ ಇಂಚಿನ ಪಿವಿಸಿ ಪೈಪು, ಮಕ್ಕಳು ಈಜೋಕೆ ಹಿಡ್ಕೊಳ್ಳೋ ಉದ್ದ ಫೋಮ್ ಕೊಳವೆ ಎರಡು ತಂದ್ವಿ. ಪೈಪಿಗೆ ಫೋಮ್ ತೊಡಿಸಿ, ಬಿಲ್ಲಿನ ಥರ ಸ್ವಲ್ಪ ಬಗ್ಗಿಸಿ, ಗೋಡೆ ಕಡೆಯಿಂದ ರೋಲರ್ ಕಡೆಗೆ ಬಟ್ಟೆಯ ಅಡಿ ನಡುವೆ ಕೂರಿಸಿದ್ರು ಅಪ್ಪ. ಕೆಳಗಿಂದಲೇ ಎಳೆಯೋಕೆ ಒಂದು ಹಗ್ಗವನ್ನೂ ಕಟ್ಟಿದ್ರು. ಅವತ್ತು ರಾತ್ರಿ ಮಳೆ ಬಂತು, ಬೆಳಗ್ಗೆ ಅಪ್ಪ ನನಗಿಂತ ಮೊದಲು ಎದ್ದು ನೋಡ್ಕೊಂಡು ಬಂದು "ಒಂದು ಹನಿ ಇಲ್ಲ" ಅಂದ್ರು. ಅದೇ ಪೈಪು ಇವತ್ತಿಗೂ ಬಳಸ್ತಿದೀವಿ. ಒಂದೇ ಎಚ್ಚರಿಕೆ, ಸ್ಲೈಡ್ ಎಳೆಯೋ ಮುಂಚೆ ಅದನ್ನ ತೆಗೀಲೇಬೇಕು, ಮರೆತ್ರೆ ಬಟ್ಟೆ ಹರಿಯುತ್ತೆ, ಅದಕ್ಕೆ ಪೈಪ್ ಮೇಲಿದ್ದಾಗ ಒಳಗಿನ ಸ್ವಿಚ್ಚಿಗೆ ಕೆಂಪು ರಿಬ್ಬನ್ ಕಟ್ಟಿರ್ತೀವಿ. ಹಿಮ ಬೀಳೋ ಕಡೆ ಈ ಉಪಾಯ ನಂಬಬೇಡಿ, ಅಲ್ಲಿ ಮೊದಲು ಬಟ್ಟೆ ಮೇಲಿನ ಹಿಮ ಗುಡಿಸಿಯೇ ಎಳೀಬೇಕು, ಇಲ್ಲಾಂದ್ರೆ ಐಸ್ ಸಮೇತ ಸುತ್ಕೊಂಡು ರೋಲರ್ ದಪ್ಪ ಆಗಿ ಸಿಕ್ಕಾಕೊಳ್ಳುತ್ತೆ.

ನಾಲ್ಕನೇ ವರ್ಷ, 2024ರಲ್ಲಿ, ಬಟ್ಟೆ ಹರಿಯದೇ ಹೊಲಿಗೆ ಬಿಟ್ಟಿತು. ವಿನೈಲ್ ಗಟ್ಟಿ ಇತ್ತು, ಆದ್ರೆ ರೈಲ್ ಕಡೆ ಅಂಚಿನ ದಾರ ಬಿಸಿಲಿಗೆ ಪುಡಿ ಪುಡಿ, ಉಗುರಲ್ಲಿ ಕೆರೆದ್ರೆ ಹಿಟ್ಟಿನ ಹಾಗೆ ಉದುರ್ತಿತ್ತು. ಅದಕ್ಕಿಂತ ಹಿಂದಿನ ಚಳಿಗಾಲ ಅರಿಜೋನಾದ ಕ್ವಾರ್ಟ್ಸೈಟ್ ಮರುಭೂಮಿಯಲ್ಲಿ ಎರಡು ವಾರ ಇದ್ದದ್ದೂ ಸೇರಿ ಆಗಿರಬೇಕು. ಅಲ್ಲಿ ಒಂದು ಮರ ಇಲ್ಲ, ಮಳೆ ಇಲ್ಲ, ಬರೀ ಗಾಳಿ ಧೂಳು, ಅಂಥ ಕಡೆನೇ ತಿಂಗಳುಗಟ್ಟಲೆ ಇರೋರಿಗೆ ಟಾಪರ್‌ನಿಂದ ಮಾಡಿಗೆ ನೆರಳು ಬಿಟ್ರೆ ಬೇರೇನೂ ಸಿಗಲ್ಲ. ರೋಲರ್ ಹಾಗೇ ಇಟ್ಟು ಬಟ್ಟೆ ಮಾತ್ರ ಬದಲಾಯಿಸಿದ್ವಿ, ಹೊಸ ಕಿಟ್ಟಿನ ಅರ್ಧಕ್ಕಿಂತ ಕಮ್ಮಿ ಖರ್ಚು, ಮೂರು ಗಂಟೆ ಕೆಲಸ. ಬಟ್ಟೆ ಸವೆಯೋ ವಸ್ತು ಅಂತ ಮೊದಲೇ ಲೆಕ್ಕ ಹಾಕ್ಕೊಂಡ್ರೆ ಬೇಜಾರಾಗಲ್ಲ.

ಇನ್ನು ಟಾಪರ್ ಇಲ್ಲದ ಚಿಕ್ಕ ಸ್ಲೈಡ್. ಆರಡಿ ಉದ್ದ, ಎರಡಡಿ ಕೂಡ ಹೊರಗೆ ಬರಲ್ಲ, ಬಟ್ಟೆ ಬೀರು ಅಷ್ಟೇ. ಕ್ಲೇಲಾಕ್ ಆದಮೇಲೆ ಅದನ್ನ ಒಂದು ಸಲವೂ ಗುಡಿಸದೇ ಎಳೆದಿಲ್ಲ, ಕೆಳಗೆ ನಿಂತೇ ಉದ್ದ ಕೋಲಿನ ಬ್ರಷ್‌ನಲ್ಲಿ ಎರಡು ನಿಮಿಷ, ಆಮೇಲೆ ವರ್ಷಕ್ಕೆ ಎರಡು ಸಲ ಸೀಲಿಗೆ ರಬ್ಬರ್ ಕಂಡಿಷನರ್. ಅದರ ಸೀಲ್ ಕಂಪನಿಯಿಂದ ಬಂದದ್ದೇ, ಇವತ್ತಿನ ತನಕ ಒಂದು ತೊಟ್ಟು ಸೋರಿಲ್ಲ. ಟಾಪರ್ ಇಲ್ಲಾಂದ್ರೆ ಸೀಲ್ ಹಾಳಾಗುತ್ತೆ ಅಂತ ಡೀಲರ್ ಹೇಳೋದನ್ನ ನಾನು ಒಪ್ಪದೇ ಇರೋದು ಇದಕ್ಕೇ, ಗುಡಿಸದೇ ಎಳೆದ್ರೆ ಹಾಳಾಗುತ್ತೆ. ದೊಡ್ಡ ಸ್ಲೈಡಿನ ಮಾಡು ಕೆಳಗೆ ನಿಂತ್ರೆ ಬ್ರಷ್‌ಗೆ ಪೂರ್ತಿ ಸಿಗಲ್ಲ, ಅದಕ್ಕೇ ಅದಕ್ಕೆ ಟಾಪರ್ ಬೇಕಾಯ್ತು.

ಗೆಳೆಯನಿಗೆ ನಾನು ಕೇಳಿದ ಮೊದಲ ಪ್ರಶ್ನೆ, ಟ್ರೇಲರ್ ಎಲ್ಲಿ ನಿಲ್ಲಿಸ್ತೀಯ ಅಂತ. ಮನೆ ಪಕ್ಕ ಲೈವ್ ಓಕ್ ಮರದಡಿ ಅಂದ. ಟೆಕ್ಸಾಸ್‌ನಲ್ಲಿ ಆ ಮರ ಎಲೆ ಉದುರಿಸೋದು ಚಳಿಗಾಲ ಮುಗಿದು ವಸಂತ ಬರೋವಾಗ, ಎಲೆ ಹಿಂದೆಯೇ ಹೂವಿನ ಕುಚ್ಚುಗಳು ಉದುರಿ ಎಲ್ಲ ಕಡೆ ಹಳದಿ ಧೂಳು. ಅದರ ಕೆಳಗೆ ಸ್ಲೈಡ್ ಬಿಚ್ಚಿ ಇಡೋದಾದ್ರೆ ದೊಡ್ಡದಕ್ಕೆ ಕಣ್ಣು ಮುಚ್ಕೊಂಡು ಹಾಕಿಸು, ಚಿಕ್ಕದಕ್ಕೆ ಆ ದುಡ್ಡು ಉಳಿಸಿ ಒಳ್ಳೆ ಬ್ರಷ್ ತಗೋ ಅಂದೆ. ಡೀಲರ್ ಹೇಳಿದ ರೇಟನ್ನ ಮನೆ ಹತ್ತಿರವೇ ಬಂದು ಟ್ರೇಲರ್ ಕೆಲಸ ಮಾಡೋ ಹೊರಗಿನ ಟೆಕ್ನಿಷಿಯನ್ ಹತ್ತಿರ ಒಂದ್ಸಲ ಕೇಳಿ ನೋಡು, ಅಳತೆ ತಗೊಳ್ಳೋವಾಗ ಸ್ಲೈಡ್ ಪೆಟ್ಟಿಗೆ ಅಷ್ಟೇ ಅಲ್ಲ, ಹೊರಗಿನ ಚೌಕಟ್ಟಿನ ಅಂಚಿಂದ ಅಂಚಿಗೆ ಅಳೀಬೇಕು, ಬಟ್ಟೆ ಪೆಟ್ಟಿಗೆಗಿಂತ ಎರಡೂ ಕಡೆ ಸ್ವಲ್ಪ ಹೊರಚಾಚಿದ್ರೆ ಮಾತ್ರ ನೀರು ಸೀಲಿನ ಮೇಲೆ ಇಳಿಯಲ್ಲ ಅಂತಾನೂ ಹೇಳಿದೆ. ನಿನ್ನೆ ಮೆಸೇಜ್ ಬಂತು, ಒಂದಕ್ಕೆ ಮಾತ್ರ ಹೇಳಿದಾನೆ, ಓಕ್ ಎಲೆ ಉದುರೋಕೆ ಶುರುವಾಗೋದ್ರೊಳಗೆ ಹಾಕಿ ಕೊಡ್ಬೇಕು ಅಂತ ಡೀಲರ್ ಹತ್ತಿರ ಬರೆಸಿಕೊಂಡಿದಾನಂತೆ.