30ನೆಯ ಪದಕ್ಕೆ ಯಾವ ದಾರಿ?

ಶಿರಸಿಯ ಅಡಿಕೆ ತೋಟವೊಂದರ ಮೊದಲ ಸಾಲಿನಲ್ಲಿ 7 ಗಿಡಗಳಿದ್ದು, ಮುಂದಿನ ಪ್ರತಿ ಸಾಲಿಗೂ 4 ಹೆಚ್ಚುತ್ತ ಹೋದರೆ 7, 11, 15, 19 ಎಂಬ ಸಮಾಂತರ ಶ್ರೇಢಿ ದೊರೆಯುತ್ತದೆ; ಇದರ ಒಂದೊಂದು ಸಂಖ್ಯೆಯೂ ಒಂದು ಪದ. ಐದಾರನೆಯ ಸಾಲಿನವರೆಗೆ ಕೂಡುತ್ತ ಹೋಗುವುದೇ ಸುಲಭ. 30ನೆಯ ಸಾಲಿಗೆ ಅದು ಸಲ್ಲದು.

ಹತ್ತನೆಯ ತರಗತಿಯಲ್ಲಿ ಕಲಿಸುವ ಸೂತ್ರದಂತೆ, ಪದಸಂಖ್ಯೆಯಲ್ಲಿ ಒಂದು ಕಳೆದು, ಸಾಮಾನ್ಯ ವ್ಯತ್ಯಾಸದಿಂದ (ಇಲ್ಲಿ 4) ಗುಣಿಸಿ, ಮೊದಲ ಪದಕ್ಕೆ ಕೂಡಿಸಿದರೆ 7 + 29 × 4 = 123 ಬರುತ್ತದೆ. ಇಲ್ಲಿ 29ರ ಬದಲು 30ರಿಂದ ಗುಣಿಸಿ 127 ಎಂದು ಬರೆಯುವ ಮಕ್ಕಳು ಬಹಳ. ಮೊದಲ ಸಾಲಿನಿಂದ 30ನೆಯ ಸಾಲಿಗೆ 29 ಹೆಜ್ಜೆಗಳೇ ಇರುವುದನ್ನು ನೆಲದ ಮೇಲೆ ನಡೆಸಿಯೇ ತೋರಿಸಬೇಕು.

ಇನ್ನೊಂದು ದಾರಿಯಲ್ಲಿ, 7ರಿಂದ 4 ಕಳೆದು ಉಳಿದ 3ನ್ನು ಒಮ್ಮೆ ಗುರುತಿಸಿಕೊಂಡರೆ, ಪದಸಂಖ್ಯೆಯ ನಾಲ್ಕರಷ್ಟಕ್ಕೆ 3 ಕೂಡಿಸಿದರೆ ಸಾಕು: 4 × 30 + 3 = 123. ಅನೇಕ ಪದಗಳು ಬೇಕಾದಾಗ, ಅಥವಾ ಪ್ರಶ್ನೆ ತಿರುಗುಮುರುಗಾಗಿ ಬಂದಾಗ, ನಾನು ಇದನ್ನೇ ಆರಿಸುತ್ತೇನೆ. 203 ಗಿಡಗಳ ಸಾಲು ಯಾವುದೆಂದರೆ 3 ಕಳೆದು ಉಳಿದ 200ನ್ನು 4ರಿಂದ ಭಾಗಿಸಿ 50ನೆಯದು ಎನ್ನಬಹುದು. 150 ಗಿಡಗಳ ಸಾಲಾದರೋ, 147 ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗದ ಕಾರಣ, ಈ ತೋಟದಲ್ಲಿ ಇರಲಾರದು.