ಸಂಘವೋ, ಟ್ರಸ್ಟೋ, ಕಂಪನಿಯೋ?

ಚಳ್ಳಕೆರೆ ಭಾಗದಲ್ಲಿ ಕೆರೆಯ ಹೂಳೆತ್ತುವ ಯುವಕರ ತಂಡವೊಂದು, ಸರ್ಕಾರದ ನೆರವು ಪಡೆಯಲು ಯಾವ ರೂಪದಲ್ಲಿ ನೋಂದಣಿಯಾಗಬೇಕೆಂದು ಕೇಳಿದೆ.

ವೆಚ್ಚದ ದೃಷ್ಟಿಯಿಂದ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯ ಸಂಘವೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವ ಟ್ರಸ್ಟೂ ಹಗುರ. 2013ರ ಕಂಪನಿ ಕಾಯ್ದೆಯ 8ನೇ ಕಲಂನ, ಸದಸ್ಯರಿಗೆ ಲಾಭ ಹಂಚದ ಸೇವಾ ಕಂಪನಿಗೆ ಲೆಕ್ಕಪರಿಶೋಧಕರ ಶುಲ್ಕ ಪ್ರತಿವರ್ಷವೂ ತಪ್ಪದು.

ಆಡಳಿತದ ವಿಷಯ ಹೆಚ್ಚು ಸೂಕ್ಷ್ಮವಾದುದು. ಸಂಘಕ್ಕೆ ಕನಿಷ್ಠ 7 ಸದಸ್ಯರು ಬೇಕು, ಸರ್ವಸದಸ್ಯರ ಸಭೆ ನಡೆಯಬೇಕು. ಊರಿನವರೆಲ್ಲ ಸೇರಿ ದುಡಿಯುವ ಕೆರೆಯ ಕೆಲಸಕ್ಕೆ ಈ ಹಂಚಿಕೊಂಡ ಅಧಿಕಾರವೇ ಒಪ್ಪುತ್ತದೆಂದು ನನ್ನ ಭಾವನೆ, ಆದರೆ ಚುನಾವಣೆಯ ಜಗಳಕ್ಕೆ ದಾರಿಯಾಗುವುದೂ ಅದೇ. ದಾನಿಯೊಬ್ಬರು ನಿರ್ದಿಷ್ಟ ಉದ್ದೇಶಕ್ಕೆ ಜಮೀನನ್ನೋ ಹಣವನ್ನೋ ಮುಡಿಪಾಗಿಡುವುದಾದರೆ ಟ್ರಸ್ಟ್ ಭದ್ರ.

ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡುವ ನೋಂದಣಿಗಳು (1961ರ ಆದಾಯ ತೆರಿಗೆ ಕಾಯ್ದೆಯ 12ಎ, 80ಜಿ) ಮೂರಕ್ಕೂ ಲಭ್ಯ. ದೊಡ್ಡ ಉದ್ದಿಮೆಗಳು ಸಮಾಜದ ಕೆಲಸಕ್ಕೆ ಕೊಡುವ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಗೆ ಈ ನೋಂದಣಿಗಳ ಜೊತೆಗೆ, ಸಾಮಾನ್ಯವಾಗಿ ಅದೇ ಬಗೆಯ ಕೆಲಸದಲ್ಲಿ 3 ವರ್ಷಗಳ ಅನುಭವವೂ ಬೇಕು. ಆದ್ದರಿಂದ ಈ ವರ್ಷವೇ ಕೆಲಸ ಆರಂಭಿಸುವವರು ಸಂಘ ಕಟ್ಟಿಕೊಂಡು, ಪಂಚಾಯಿತಿಯೊಡನೆ ಮಾಡಿದ ಪ್ರತಿಯೊಂದು ಕೆಲಸದ ದಾಖಲೆಯನ್ನೂ ಲೆಕ್ಕವನ್ನೂ ಇಟ್ಟುಕೊಳ್ಳಲಿ. ಹಲವು ಜಿಲ್ಲೆಗಳಿಗೆ ಹರಡುವ, ದೊಡ್ಡ ಉದ್ದಿಮೆಗಳ ನೆರವನ್ನು ನೆಚ್ಚುವ ಯೋಜನೆಯಿದ್ದರೆ ಮಾತ್ರ ಕಂಪನಿಯ ಹೊರೆ ಹೊರಲಿ.