ಹಳೆಯ ಶೆವರ್ಲೆಗೆ ಎಸ್-10 ಚಾಸಿ: ನಾಲ್ಕು ವರ್ಷ ಓಡಿಸಿದ ಮೇಲೆ

ನನ್ನ 1951ರ ಶೆವರ್ಲೆ 3100 ಪಿಕಪ್‌ನ ಬಾಡಿಯನ್ನು 1998ರ ಶೆವರ್ಲೆ ಎಸ್-10 ಎಂಬ ಸಣ್ಣ ಪಿಕಪ್‌ನ ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ) ಮೇಲೆ ಕೂರಿಸಿ ನಾಲ್ಕು ವರ್ಷವಾಯಿತು. ಅಮೆರಿಕದ ಆಸ್ಟಿನ್ ನಗರದಲ್ಲಿ ದಿನವೂ ಇದೇ ನನ್ನ ಗಾಡಿ. ಈವರೆಗೆ 31,000 ಮೈಲಿ ಓಡಿದೆ. ಇಂಥದ್ದನ್ನು ಮಾಡಿಸುವ ಆಸೆಯಿರುವವರು ಗ್ಯಾರೇಜಿಗೆ ಹೋದಾಗ ಎಂಜಿನ್ ವಿಚಾರವನ್ನು ಆಮೇಲೆ ಕೇಳಿ. ಕ್ಯಾಬಿನ್ನನ್ನು ಚಾಸಿಗೆ ಹೇಗೆ ಕಟ್ಟುತ್ತೀರಿ ಎಂದು ಮೊದಲು ಕೇಳಿ.

ಹಳೆಯ ಚಾಸಿಯಲ್ಲೂ ಒಂದು ವರ್ಷ ಓಡಿಸಿದ್ದೇನೆ. ಮುಂದೆ ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್, ಪಟ್ಟಾ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಗಂಟೆಗೆ 55 ಮೈಲಿ ದಾಟಿದರೆ ಸ್ಟಿಯರಿಂಗ್ ಹಿಡಿದ ತೋಳು ಸೋಲುತ್ತಿತ್ತು. ಪೆಟ್ರೋಲ್ ಟ್ಯಾಂಕ್ ಸೀಟಿನ ಬೆನ್ನಿಗೇ ಇದ್ದುದರಿಂದ ಬಿಸಿಲಿನ ದಿನ ಅಂಗಿಯೆಲ್ಲ ವಾಸನೆ. ಈಗ ಮುಂದೆ ಡಿಸ್ಕ್ ಬ್ರೇಕ್, ಪವರ್ ಸ್ಟಿಯರಿಂಗ್, ಚಾಸಿಯಲ್ಲಿ ಟ್ಯಾಂಕ್, ಆಗಸ್ಟ್ ತಿಂಗಳಲ್ಲೂ ಕೈಕೊಡದ ಎ.ಸಿ. 4.3 ಲೀಟರ್ ವಿ6 ಎಂಜಿನ್ ಒಂದೇ ಕೀಲಿಗೆ ಎದ್ದು ಕೂರುತ್ತದೆ. ಹಳೆಯ ಆರು ಸಿಲಿಂಡರಿನ ಸದ್ದು ಹೋಯಿತೆಂಬ ಬೇಸರ ಮಾತ್ರ ಇಂದಿಗೂ ಇದೆ.

ಎಸ್-10 ಆರಿಸಿದ್ದು ಅಳತೆಗಾಗಿ. 3100ರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 116 ಇಂಚು. ಹಿಂದಿನ ಸಾಮಾನಿನ ತೊಟ್ಟಿ ಉದ್ದವಿರುವ ಎಸ್-10ರಲ್ಲಿ 117.9. ಎರಡು ಇಂಚಿನಷ್ಟು ಸರಿಪಡಿಸಿದರೆ ಸಾಕು. ಬ್ರೇಕ್ ಪೆಡಲ್ ಅಷ್ಟು ಸುಲಭವಲ್ಲ. ಹಳೆಯದರಲ್ಲಿ ಬ್ರೇಕ್ ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರ್ ಕ್ಯಾಬಿನ್ನಿನ ನೆಲದಡಿ ಇತ್ತು. ಹೊಸದು ಎಂಜಿನ್‌ಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆಯಿಂದ ತೂಗುತ್ತದೆ. ಆ ತಗಡಿಗೆ ಒಳಗಿನಿಂದ ದಪ್ಪ ಪಟ್ಟಿ ಕೊಡಿಸಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಗೋಡೆಯೇ ಬಾಗುತ್ತದೆ.

ಚಾಸಿ ಬದಲಿಸಿದ ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನನ್ನ ಕಡೆಯ ಬಾಗಿಲು ಮುಚ್ಚಲಿಲ್ಲ. ಮೇಲಿನ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ಸಂದಿ, ಕೆಳಗೆ ತಗಡಿಗೆ ತಗಡು ಉಜ್ಜಿ ಬಣ್ಣ ಎದ್ದಿತ್ತು. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ಕ್ಯಾಬಿನ್ನಿನ ಹಿಂದಿನ ಎಡ ಬ್ರ್ಯಾಕೆಟ್‌ನಲ್ಲಿ ವೆಲ್ಡಿಂಗ್ ಗುಂಟ ಕೂದಲೆಳೆಯ ಬಿರುಕು, ಅದರಿಂದ ಇಳಿದ ತುಕ್ಕಿನ ಗೆರೆ. ಹಳೆಯ ಗಾಡಿಯಲ್ಲಿ ಕ್ಯಾಬಿನ್ ಮುಂದೆ ರಬ್ಬರಿನ ಮೇಲೆ ಕೂತು, ಹಿಂದೆ ತೂಗುವ ಕೊಂಡಿಗಳಲ್ಲಿ ನಿಲ್ಲುತ್ತಿತ್ತು. ಚಾಸಿ ತಿರುಚಿಕೊಂಡರೂ ಕ್ಯಾಬಿನ್ ತಿರುಚದಿರಲಿ ಎಂದೇ ಆ ಏರ್ಪಾಡು. ನನಗೆ ಮಾಡಿಕೊಟ್ಟ ಗ್ಯಾರೇಜಿನವರು ನಾಲ್ಕೂ ಕಡೆ ಕಬ್ಬಿಣಕ್ಕೆ ಕಬ್ಬಿಣ ಬಿಗಿದಿದ್ದರು. ಎಪ್ಪತ್ತು ವರ್ಷ ಬಾಳಿದ ತಗಡನ್ನು ನಂಬಿ ಕೊಟ್ಟಿದ್ದೆ. ಆ ಸಿಟ್ಟು ಇನ್ನೂ ಆರಿಲ್ಲ. ಬೇರೆಡೆ ಅಗಲವಾದ ಬ್ರ್ಯಾಕೆಟ್ ಮತ್ತು ರಬ್ಬರ್ ಬುಷ್ ಹಾಕಿಸಲು 900 ಡಾಲರ್ ಆಯಿತು. ಅಂದಿನಿಂದ ಬಾಗಿಲು ಎರಡೇ ಬೆರಳಿಗೆ ಮುಚ್ಚುತ್ತದೆ.

ಚಕ್ರಗಳು ಮಡ್‌ಗಾರ್ಡ್‌ನೊಳಗೆ ತುಸು ಅಡಗಿದಂತೆ ಕಾಣುವುದನ್ನು ನಾನು ಹಾಗೆಯೇ ಬಿಟ್ಟಿದ್ದೇನೆ.

ಇನ್ನು ಕಾಗದಪತ್ರ. ನೋಂದಣಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಂದು ಗಾಡಿಯ ಗುರುತಿನ ಸಂಖ್ಯೆಯ ಫಲಕ ಕಿತ್ತು ಇನ್ನೊಂದಕ್ಕೆ ಹಾಕುವುದು ಅಮೆರಿಕದಲ್ಲಿ ಅಪರಾಧವಾಗಬಹುದು. ಎರಡೂ ಗಾಡಿಗಳ ಮಾಲೀಕತ್ವದ ಪತ್ರ, ಕೊಂಡ ರಸೀದಿ, ಕೆಲಸದ ಫೋಟೊ ಜೋಡಿಸಿಟ್ಟುಕೊಂಡು, ಚಾಸಿಗೆ ಗರಗಸ ತಾಗಿಸುವ ಮೊದಲೇ ನಿಮ್ಮ ನೋಂದಣಿ ಕಚೇರಿಯಲ್ಲಿ ವಿಚಾರಿಸಿ.